ಅರಿವಳಿಕೆ ತಜ್ಞರ ರಾಜ್ಯ ಸಮ್ಮೇಳನ ವಿಜಯಪುರದಲ್ಲಿ ಆಗಬೇಕಾ?

ರಾಜ್ಯದ ಅರಿವಳಿಕೆ ತಜ್ಞರು ವರ್ಷಕ್ಕೊಮ್ಮೆ ಒಂದು ಊರಿನಲ್ಲಿ ಸೇರುತ್ತಾರೆ. ಒಂದು ವರ್ಷ ನಾವೇ ನಡೆಸಿಕೊಡುತ್ತೇವೆ ಎಂದು ವಿಜಯಪುರದವರು ಮುಂದೆ ಬರಬೇಕೇ, ಬೇಡವೇ? ಇಲ್ಲಿ ಬರೆದಿರುವ ಇಬ್ಬರೂ ಇದೇ ಜಿಲ್ಲೆಯಲ್ಲಿ ದಿನವೂ ಅನಸ್ತೇಶಿಯಾ ಕೊಡುವವರು. ಮೊದಲನೆಯವರು ನಗರದಲ್ಲಿ ಪಿಜಿಗಳಿಗೆ, ಅಂದರೆ ಎಂಬಿಬಿಎಸ್ ಮುಗಿಸಿ ಎಂಡಿ ಓದುವವರಿಗೆ, ಕಲಿಸುತ್ತಾರೆ. ಎರಡನೆಯವರು ತಾಲ್ಲೂಕು ಆಸ್ಪತ್ರೆಯಲ್ಲಿದ್ದಾರೆ.

ಪರ: ಒಮ್ಮೆ ಅವರೂ ಇಲ್ಲಿಗೆ ಬರಲಿ

ಸಮ್ಮೇಳನದ ಆಹ್ವಾನ ಬಂದಾಗ ನಮ್ಮ ಕಡೆಯ ಡಾಕ್ಟರುಗಳು ಮೊದಲು ನೋಡುವುದು ಊರಿನ ಹೆಸರು. ವಿಷಯ ಏನು, ಮಾತಾಡುವವರು ಯಾರು ಅನ್ನೋದೆಲ್ಲ ಆಮೇಲೆ. ಮಂಗಳೂರು ಅಂತಿದ್ದರೆ ಹೋಗಿ ಬರಲಿಕ್ಕೇ ಎರಡು ದಿನ ಬೇಕು. ಸಮ್ಮೇಳನಕ್ಕೆ ಮೂರು ದಿನ. ತಾಲ್ಲೂಕಿನಲ್ಲಿ ನಾಲ್ಕು ನರ್ಸಿಂಗ್ ಹೋಮ್‌ಗಳಿಗೆ ಒಬ್ಬರೇ ಅನಸ್ತೇಶಿಯಾ ಕೊಡುವವರಿಗೆ ಐದು ದಿನದ ಬಿಡುವು ಎಲ್ಲಿ ಸಿಗುತ್ತೆ? ಪಿಜಿ ಮುಗಿಸಿ ಊರು ಸೇರಿದ ಮೇಲೆ ಒಂದೇ ಒಂದು ಸಮ್ಮೇಳನಕ್ಕೂ ಬರಲಾಗದ ನನ್ನ ವಿದ್ಯಾರ್ಥಿಗಳನ್ನು ಎಣಿಸಲು ಹೋದರೆ ಎರಡೂ ಕೈಯ ಬೆರಳು ಸಾಲುವುದಿಲ್ಲ.

ಅದೇ ಸಮ್ಮೇಳನ ವಿಜಯಪುರದಲ್ಲಿ ಆದರೆ? ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯವರು ಬೆಳಗಿನ ಬಸ್ಸಿಗೆ ಹೊರಟು ಬರಬಹುದು. ಜಮಖಂಡಿಯವರು ಕೃಷ್ಣೆ ದಾಟಿ ಬಂದರಾಯಿತು. ಒಂದೇ ದಿನ ಬಂದು, ತಮಗೆ ಬೇಕಾದ ಎರಡು ಪಾಠ ಕೇಳಿ, ರಾತ್ರಿ ಮನೆ ಸೇರಬಹುದು. ವೈದ್ಯರು ಐದು ವರ್ಷಕ್ಕೆ 30 ಗಂಟೆಯಾದರೂ ಇಂಥ ಕಲಿಕೆಯಲ್ಲಿ ಕೂರಬೇಕು ಎಂದು 2002ರ ವೈದ್ಯ ನೀತಿ ನಿಯಮಗಳು ಹೇಳುತ್ತವೆ. ದೂರದ ತಾಲ್ಲೂಕಿನವರು ಆ ಗಂಟೆಗಳನ್ನು ಹೇಗೆ ಹೊಂದಿಸುತ್ತಾರೆ ಅಂತ ನಾವು ಯಾರೂ ಕೇಳುವುದೇ ಇಲ್ಲ.

ಆದರೆ ನನ್ನ ಮನಸ್ಸಿನಲ್ಲಿರುವ ದೊಡ್ಡ ಕಾರಣ ಇದಲ್ಲ. ನಾವು ಇಷ್ಟು ವರ್ಷ ಬೇರೆಯವರ ಕೇಸುಗಳ ಪಾಠ ಕೇಳಿಕೊಂಡು ಬಂದಿದ್ದೇವೆ. ನಮ್ಮ ಕೇಸುಗಳನ್ನು ಅವರ ಮುಂದೆ ಇಟ್ಟಿಲ್ಲ.

ನಮ್ಮ ಜಿಲ್ಲೆಯಲ್ಲಿ ದ್ರಾಕ್ಷಿ, ದಾಳಿಂಬೆ, ತೊಗರಿ, ಕಬ್ಬು ಬೆಳೆಯುತ್ತಾರೆ. ಕ್ರಿಮಿನಾಶಕಕ್ಕೆ ಇಲ್ಲಿ ‘ಎಣ್ಣಿ’ ಅಂತಾರೆ. ಅದನ್ನು ಕುಡಿದವರನ್ನು ಕರೆತಂದಾಗ ಬಾಯಲ್ಲಿ ನೊರೆ ಇರುತ್ತದೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿರುತ್ತದೆ, ಬಟ್ಟೆ ಪೂರ್ತಿ ಬೆವರಿನಲ್ಲಿ ನೆನೆದಿರುತ್ತದೆ. ಎದೆಯೊಳಗಿನ ಗುಳುಗುಳು ನಿಲ್ಲುವ ತನಕ ಅಟ್ರೋಪಿನ್ ಕೊಡುತ್ತಾ ಹೋಗಬೇಕು. ಮಾರನೆಯ ದಿನ ರೋಗಿ ಎದ್ದು ಮಾತಾಡುತ್ತಾರೆ. ಮನೆಯವರು ದೇವರಿಗೆ ಕೈಮುಗಿದು ಚಹಾ ಕುಡಿಯಲು ಹೋಗುತ್ತಾರೆ. ನಮಗೆ ಭಯ ಶುರುವಾಗುವುದು ಆಗಲೇ. ನಾನು ದಿನಕ್ಕೆ ನಾಲ್ಕು ಸಲ ಹಾಸಿಗೆ ಹತ್ತಿರ ಹೋಗಿ ಒಂದೇ ಮಾತು ಕೇಳುತ್ತೇನೆ: “ಯಪ್ಪಾ, ದಿಂಬಿನಿಂದ ತಲಿ ಎತ್ತು ನೋಡೋಣ.” ಎರಡನೆಯ ದಿನವೋ ಮೂರನೆಯ ದಿನವೋ ತಲೆ ಮೇಲೇಳದೇ ಹೋದರೆ ಉಸಿರು ಸೋಲುವ ಹೊತ್ತು ಹತ್ತಿರ ಬಂತು ಅಂತಲೇ ಅರ್ಥ. ವೆಂಟಿಲೇಟರ್ ಸಿದ್ಧ ಮಾಡಿಕೊಳ್ಳಬೇಕು.

ಇದರ ಇನ್ನೊಂದು ಮುಖ ಆಪರೇಷನ್ ಟೇಬಲ್ ಮೇಲೆ ಕಾಣುತ್ತದೆ. ಅಪೆಂಡಿಕ್ಸ್ ನೋವು ಅಂತ ಬಂದ ರೈತ ಹಿಂದಿನ ವಾರವಿಡೀ ತೋಟದಲ್ಲಿ ಎಣ್ಣೆ ಹೊಡೆದಿರಬಹುದು. ಉಸಿರಾಟದ ಟ್ಯೂಬ್ ಹಾಕಲು ಸ್ನಾಯು ಸಡಿಲಿಸುವ ಸ್ಕೋಲಿನ್ ಕೊಡುತ್ತೇವೆ. ಕೆಲವೇ ನಿಮಿಷಕ್ಕೆ ಇಳಿಯಬೇಕಾದ ಔಷಧಿ ಅದು. ಅದನ್ನು ಒಡೆಯುವ ಕಿಣ್ವವನ್ನೇ ಕ್ರಿಮಿನಾಶಕ ಕಟ್ಟಿಹಾಕಿದ್ದರೆ ಆ ಮನುಷ್ಯ ಎಷ್ಟೋ ಹೊತ್ತು ತಾನಾಗಿ ಉಸಿರಾಡುವುದಿಲ್ಲ. ಹಾಗಾಗಿ “ಈ ವಾರ ಎಣ್ಣಿ ಹೊಡೆದೀರೇನು?” ಅಂತ ಕೇಳುವುದನ್ನು ನನ್ನ ಪಿಜಿಗಳಿಗೆ ಮೊದಲ ತಿಂಗಳಲ್ಲೇ ರೂಢಿ ಮಾಡಿಸುತ್ತೇನೆ. ಬೆಂಗಳೂರಿನಲ್ಲಿ ಓದಿದ ಹುಡುಗ ಈ ಪ್ರಶ್ನೆಯನ್ನು ಯಾಕೆ ಕೇಳುತ್ತಾನೆ ಹೇಳಿ? ಅಲ್ಲಿ ಅದರ ಅಗತ್ಯ ಬರುವುದೇ ಅಪರೂಪ.

ಹಾವಿನದೂ ಹೀಗೇ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವು ಅಷ್ಟಾಗಿ ಇರುವುದಿಲ್ಲ, ಗಾಯವೂ ಕಾಣುವುದಿಲ್ಲ. ಬೆಳಗ್ಗೆ ಹೊಟ್ಟೆ ನೋವು ಅಂತ ಬರುತ್ತಾರೆ. ವಿಷದಿಂದ ರೆಪ್ಪೆ ಇಳಿಬಿದ್ದಿರುವುದನ್ನು ಗಮನಿಸದ ಡಾಕ್ಟರು ಹೊಟ್ಟೆಗೆ ಮಾತ್ರೆ ಕೊಟ್ಟು ಕಳಿಸಿದರೆ ಮುಗಿಯಿತು. ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕು ಎಂದು ಕರ್ನಾಟಕ ಸರ್ಕಾರ 2024ರಲ್ಲಿ ಆದೇಶ ಮಾಡಿದೆ. ಈಗಂತೂ ಈ ವಿಷಯಕ್ಕೆ ಸಮ್ಮೇಳನದ ಮುಖ್ಯ ಸಭಾಂಗಣದಲ್ಲೇ ಅರ್ಧ ದಿನ ಕೊಡಬೇಕು. ನಾವು ನಡೆಸಿದರೆ ಕೊಡುತ್ತೇವೆ. ಬೇರೆ ಊರಿನವರು ನಡೆಸಿದರೆ ಸಂಜೆ ಐದರ ಮೇಲೆ ಒಂದು ಮೂಲೆಯ ಕೋಣೆಯಲ್ಲಿ ಹತ್ತು ನಿಮಿಷ ಸಿಗುತ್ತದೆ. ನಾನು ಹಾಗೆ ಹತ್ತು ನಿಮಿಷ ಮಾತಾಡಿ ಬಂದವಳು.

ಮೊದಲ ದಿನದ ಕಾರ್ಯಾಗಾರಗಳ ಬಗ್ಗೆಯೂ ಹೇಳಬೇಕು. ಅಲ್ಟ್ರಾಸೌಂಡ್ ನೋಡಿಕೊಂಡು ನರದ ಸುತ್ತ ಔಷಧಿ ಬಿಡುವುದನ್ನು ಪುಸ್ತಕ ಓದಿ ಕಲಿಯಲಾಗುವುದಿಲ್ಲ. ಪ್ರೋಬನ್ನು ಕೈಯಲ್ಲಿ ಹಿಡಿಯಬೇಕು. ಪರದೆಯ ಮೇಲೆ ನರ ಜೇನುಗೂಡಿನ ಹಾಗೆ ಕಾಣುತ್ತದೆ, ಪಕ್ಕದಲ್ಲಿ ರಕ್ತನಾಳ ಮಿಡಿಯುತ್ತಿರುತ್ತದೆ, ಸೂಜಿಯ ತುದಿ ಎಲ್ಲಿದೆ ಅಂತ ಹುಡುಕಬೇಕು. ಒಮ್ಮೆ ಕೈಗೆ ಹತ್ತಿತು ಅಂದರೆ ಬಿಡುವುದಿಲ್ಲ. ಉಬ್ಬಸದ ಮುದುಕರ ಕೈ ಮುರಿದಾಗ ಪೂರ್ತಿ ಪ್ರಜ್ಞೆ ತಪ್ಪಿಸದೆ ತೋಳಷ್ಟನ್ನೇ ಮರಗಟ್ಟಿಸಬಹುದು. ಇದಕ್ಕೆ ಬೇಕಾದ ಅನಾಟಮಿ ವಿಭಾಗ, ಯಂತ್ರ, ಕಲಿಸುವ ಜನ ಎಲ್ಲ ಇಲ್ಲಿದ್ದಾರೆ. ಅಲ್ ಅಮೀನ್ ವೈದ್ಯಕೀಯ ಕಾಲೇಜು 1984ರಿಂದ, ಬಿಎಲ್‌ಡಿಇ ಸಂಸ್ಥೆಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು 1986ರಿಂದ ನಡೆದುಕೊಂಡು ಬಂದಿವೆ. ಫ.ಗು. ಹಳಕಟ್ಟಿಯವರು ಆ ಸಂಸ್ಥೆ ಕಟ್ಟಿದ್ದು 1910ರಲ್ಲಿ. ವಿದ್ಯೆಗೆ ಈ ಊರು ಹೊಸದೇನೂ ಅಲ್ಲ.

ನಮ್ಮ ವಿದ್ಯೆಯ ಹುಟ್ಟನ್ನೇ ನೋಡಿ. 1846ರ ಅಕ್ಟೋಬರ್ 16ರಂದು ಬಾಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ವಿಲಿಯಂ ಮಾರ್ಟನ್ ಆಪರೇಷನ್ನಿಗೆ ಮುಂಚೆ ರೋಗಿಗೆ ಈಥರ್ ಕೊಟ್ಟು ತೋರಿಸಿದರು. ಅದು ನಡೆದದ್ದು ನೋಡಲು ಸೇರಿದ್ದ ವೈದ್ಯರು, ವಿದ್ಯಾರ್ಥಿಗಳ ಎದುರು, ಒಂದು ಗುಮ್ಮಟದ ಕೆಳಗೆ. ಇವತ್ತಿಗೂ ಅಲ್ಲಿಯವರು ಅದನ್ನು ಈಥರ್ ಗುಮ್ಮಟ ಅನ್ನುತ್ತಾರೆ. ಮುಚ್ಚಿದ ಕೋಣೆಯಲ್ಲಿ ಒಬ್ಬರಿಗೊಬ್ಬರು ಪಿಸುಗುಟ್ಟಿ ಹೇಳಿದ್ದರೆ ಅದು ಅಷ್ಟು ಬೇಗ ಲೋಕಕ್ಕೆ ಹರಡುತ್ತಿರಲಿಲ್ಲ. ನಾಲ್ಕು ಜನ ಸೇರಿದ ಕಡೆ ಕಣ್ಣಾರೆ ನೋಡಿ, ಅನುಮಾನ ಬಂದಲ್ಲಿ ಎದ್ದು ನಿಂತು ಕೇಳುವುದಕ್ಕೆ ಇನ್ನೂ ಬದಲಿ ಬಂದಿಲ್ಲ.

ಊಟ, ವಸತಿ, ಪ್ರಯಾಣದ ಚಿಂತೆ ನನಗೆ ಜಾಸ್ತಿ ಇಲ್ಲ. ಬುರಣಾಪುರದ ವಿಮಾನ ನಿಲ್ದಾಣವನ್ನೇ ನೆಚ್ಚಬೇಕಿಲ್ಲ, ಬೆಂಗಳೂರಿನಲ್ಲಿ ಸಂಜೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದವರು ಬೆಳಗ್ಗೆ ಇಲ್ಲಿರುತ್ತಾರೆ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಇರುವುದರಿಂದ ಆ ವಾರ ಬಿಟ್ಟು, ಬೇಸಿಗೆಯ ಬಿಸಿಲು ಬಿಟ್ಟು ದಿನ ಗೊತ್ತುಮಾಡಿದರಾಯಿತು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಗೆ ಯಾರೂ ಬೇಡ ಅನ್ನುವುದಿಲ್ಲ.

ನನಗೆ ಆಸೆಯಿರುವುದು ಪಿಜಿಗಳ ಮೇಲೆ. ಹೊರಗಿನಿಂದ ಬಂದು ಓದಿದವರು ಮೂರು ವರ್ಷ ಮುಗಿದ ಮರುದಿನವೇ ಪೆಟ್ಟಿಗೆ ಕಟ್ಟುತ್ತಾರೆ. ಕಲಿಯುವುದೆಲ್ಲ ದೊಡ್ಡ ಊರಿನಲ್ಲೇ ಇದೆ ಅಂತ ಅವರಿಗೆ ಅನ್ನಿಸಿಬಿಟ್ಟಿದೆ. ತಾವು ರಾತ್ರಿಯೆಲ್ಲ ಕೂತು ಉಳಿಸಿದ ರೋಗಿಯ ಬಗ್ಗೆ ಇಡೀ ರಾಜ್ಯದ ಹಿರಿಯರು ಇಲ್ಲೇ ಬಂದು, ಇಲ್ಲೇ ಕೂತು ಕೇಳುವುದನ್ನು ಅವರು ನೋಡಬೇಕು. ಅವರಲ್ಲಿ ಒಬ್ಬರು ಇಂಡಿಯಲ್ಲೋ ಸಿಂದಗಿಯಲ್ಲೋ ಉಳಿದರೂ ಒಂದು ತಾಲ್ಲೂಕಿನ ಬಾಣಂತಿಯರಿಗೆ ಜನ ಸಿಕ್ಕಂತೆ.

ವಿರೋಧ: ಆ ಮೂರು ದಿನ ಟೇಬಲ್ ಹತ್ತಿರ ಯಾರಿರುತ್ತಾರೆ?

ಮೇಡಂ ಬರೆದದ್ದನ್ನು ಎರಡು ಸಲ ಓದಿದೆ. ಬೆನ್ನಿಗೆ ಅನಸ್ತೇಶಿಯಾ ಕೊಡುವ ಸ್ಪೈನಲ್ ಸೂಜಿ ಹಿಡಿಯುವುದನ್ನು ನನಗೆ ಕಲಿಸಿದವರು ಅವರೇ. “ಎಣ್ಣಿ ಹೊಡೆದೀರೇನು?” ಅನ್ನೋ ಪ್ರಶ್ನೆಯನ್ನು ನಾನೂ ದಿನಾ ಕೇಳುತ್ತೇನೆ. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಿಲ್ಲ. ಆದರೂ ಸಮ್ಮೇಳನ ಇಲ್ಲಿಗೆ ಬರುವುದು ಬೇಡ ಅಂತಲೇ ನನ್ನ ಅಭಿಪ್ರಾಯ. ಯಾಕೆ ಅಂತ ಹೇಳಬೇಕಾದರೆ ಒಂದು ಮಧ್ಯಾಹ್ನದ ವಿಷಯ ಹೇಳಬೇಕು.

ಕೆಲವು ವರ್ಷಗಳ ಹಿಂದೆ ನಾನು ದೂರದ ಊರಿನ ಒಂದು ಸಮ್ಮೇಳನಕ್ಕೆ ಹೋಗಿದ್ದೆ. ಸುಲಭಕ್ಕೆ ಟ್ಯೂಬ್ ಹಾಕಲಾಗದ ರೋಗಿಗಳ ಬಗ್ಗೆ ಒಬ್ಬರು ಚೆನ್ನಾಗಿ ಹೇಳುತ್ತಿದ್ದರು. ನಾನು ಬರೆದುಕೊಳ್ಳುತ್ತಿದ್ದೆ. ಜೇಬಿನಲ್ಲಿ ಫೋನ್ ಅದುರಿತು. ಬಿಟ್ಟೆ. ಮತ್ತೆ ಅದುರಿತು. ಹೊರಗೆ ಬಂದು, ಕಾಫಿ ಇಟ್ಟಿದ್ದ ಮೇಜಿನ ಪಕ್ಕ ನಿಂತು ಎತ್ತಿದೆ. ನಮ್ಮ ಸ್ಟಾಫ್ ನರ್ಸ್. “ಸರ್, ಬಳ್ಳಿ ಕೆಳಗ ಬಂದೈತ್ರಿ. ಹೆರಿಗಿ ಡಾಕ್ಟರ್ ಮೇಡಂ ಸಿಸೇರಿಯನ್ ಮಾಡೂಣ ಅಂತಾರ. ಅನಸ್ತೇಶಿಯಾಕ್ಕ ಯಾರನ್ನ ಕರೀಲಿ?” ಮಗುವಿಗಿಂತ ಮುಂಚೆ ಹೊಕ್ಕುಳಬಳ್ಳಿ ಇಳಿದಿತ್ತು. ಮಗುವಿನ ತಲೆ ಒತ್ತಿದರೆ ಬಳ್ಳಿಯಲ್ಲಿ ರಕ್ತ ನಿಲ್ಲುತ್ತದೆ. ಅಲ್ಲಿ ಲೆಕ್ಕ ನಿಮಿಷದ್ದು. ನನ್ನ ಬದಲಿಗೆ ಒಪ್ಪಿಕೊಂಡಿದ್ದವರು ಆ ಹೊತ್ತಿಗೆ ಇನ್ನೊಂದು ಕಡೆ ಕೇಸಿನ ನಡುವೆ ಇದ್ದರು, ಬಿಟ್ಟು ಬರುವಂತಿರಲಿಲ್ಲ. ತಾಯಿಯನ್ನು ಆಂಬ್ಯುಲೆನ್ಸಿನಲ್ಲಿ ವಿಜಯಪುರಕ್ಕೆ ಕಳಿಸಿದರು. ನಮ್ಮ ನರ್ಸ್ ದಾರಿಯುದ್ದಕ್ಕೂ ಗ್ಲೌಸ್ ಹಾಕಿದ ಕೈಯಿಂದ ಮಗುವಿನ ತಲೆಯನ್ನು ಒಳಗಿನಿಂದ ಮೇಲಕ್ಕೆ ಎತ್ತಿ ಹಿಡಿದು ಕೂತಿದ್ದಳು. ಸುಮಾರು 60 ಕಿ.ಮೀ. ದಾರಿ. ಕೈ ಮರಗಟ್ಟಿತ್ತು, ಬಿಡಲಿಲ್ಲ ಸರ್ ಅಂತ ಆಮೇಲೆ ಹೇಳಿದಳು. ವಿಜಯಪುರದಲ್ಲಿ ಟೇಬಲ್ ಸಿದ್ಧವಿತ್ತು. ತಾಯಿ ಉಳಿದಳು. ಮಗು ಉಳಿಯಲಿಲ್ಲ.

ಅವತ್ತು ಇಲ್ಲದೇ ಇದ್ದದ್ದು ನಾನೊಬ್ಬ. ವಿಜಯಪುರದಲ್ಲಿ ಕಾದು ನಿಂತವರು ಇದ್ದರು. ಸಮ್ಮೇಳನವೇ ವಿಜಯಪುರದಲ್ಲಿ ನಡೆದರೆ? ಮೇಡಂ ಹೇಳಿದ ಹಾಗೆ ಸಿಂದಗಿ, ಇಂಡಿ, ಮುದ್ದೇಬಿಹಾಳದವರು ಬೆಳಗ್ಗೆ ಬಂದು ರಾತ್ರಿ ಹೋಗಬಹುದು. ಆ ಹಗಲು ಅಲ್ಲಿ ಯಾರಿರುತ್ತಾರೆ? ಅಲ್ಲಿಂದ ಕಳಿಸಿದವರನ್ನು ತೆಗೆದುಕೊಳ್ಳಬೇಕಾದ ವಿಜಯಪುರದ ತಜ್ಞರು ಎಲ್ಲಿರುತ್ತಾರೆ? ಒಬ್ಬರು ಸಂಘಟನಾ ಕಾರ್ಯದರ್ಶಿ, ಒಬ್ಬರು ಖಜಾಂಚಿ, ಒಬ್ಬರು ಊಟದ ಉಸ್ತುವಾರಿ, ಒಬ್ಬರು ರೈಲ್ವೆ ನಿಲ್ದಾಣಕ್ಕೆ ಅತಿಥಿಗಳನ್ನು ಕರೆತರಲು. ಪಿಜಿಗಳು ನೋಂದಣಿ ಮೇಜಿನಲ್ಲಿ. ಕಾಲೇಜು ಆಸ್ಪತ್ರೆಗಳಲ್ಲಿ ಎಮರ್ಜೆನ್ಸಿ ಡ್ಯೂಟಿ ಹಾಕಿಯೇ ಹಾಕುತ್ತಾರೆ, ಅದು ನನಗೆ ಗೊತ್ತು. ಆದರೆ ನಾಲ್ಕು ಟೇಬಲ್ ಓಡುವ ಕಡೆ ಅವತ್ತು ಒಂದೋ ಎರಡೋ ಓಡುತ್ತವೆ. ಬೆಂಗಳೂರಿನಲ್ಲಿ ಇಷ್ಟು ಜನ ಸಭೆಯಲ್ಲಿ ಕೂತರೆ ಊರಿಗೆ ಗೊತ್ತೂ ಆಗುವುದಿಲ್ಲ. ನಮ್ಮ ಜಿಲ್ಲೆಗೆ ಗೊತ್ತಾಗುತ್ತದೆ. ಗೊತ್ತಾಗುವುದು ಬಡವರಿಗೆ, ಅದೂ ರಾತ್ರಿ ಹೊತ್ತು.

ದೂರದಲ್ಲಿ ಸಮ್ಮೇಳನವಾದರೆ ನಮ್ಮಲ್ಲಿ ಕೆಲವರು ಹೋಗುತ್ತಾರೆ, ಉಳಿದವರು ಇರುತ್ತಾರೆ. ಮನೆ ಬಾಗಿಲಿಗೆ ಬಂದರೆ ಎಲ್ಲರೂ ಹೋಗುತ್ತಾರೆ. ಮೇಡಂ ಅದನ್ನು ಲಾಭ ಅಂತ ಎಣಿಸಿದರು. ನನಗೆ ಅದೇ ಹೆದರಿಕೆ.

ಇನ್ನೊಂದು ಮಾತು. ನಮ್ಮ ಕಡೆ ತಾಯಂದಿರಿಗೆ ಅನಸ್ತೇಶಿಯಾ ಕೊಡುವವರು ಎಂಡಿ ಮಾಡಿದವರಷ್ಟೇ ಅಲ್ಲ. ತುರ್ತು ಹೆರಿಗೆಗೆ ಅನಸ್ತೇಶಿಯಾ ಕೊಡಲೆಂದೇ ಸರ್ಕಾರ ಎಂಬಿಬಿಎಸ್ ವೈದ್ಯರಿಗೆ ಕೆಲವು ತಿಂಗಳ ತರಬೇತಿ ಕೊಟ್ಟು ಕಳಿಸಿದೆ. ಅವರಿಗೆ ಮೇಲಿಂದ ಮೇಲೆ ಕಲಿಕೆ ಬೇಕು, ಕೇಳಲು ಒಬ್ಬ ಹಿರಿಯರು ಬೇಕು. ತಜ್ಞರ ಸಂಘದ ಸಮ್ಮೇಳನ ತಜ್ಞರದು. ಭಾರತೀಯ ಅರಿವಳಿಕೆ ತಜ್ಞರ ಸಂಘ 1947ರಲ್ಲಿ ಶುರುವಾದದ್ದೇ ಆ ವಿದ್ಯೆಗೆ ಒಂದು ಸ್ಥಾನ ದೊರಕಲಿ ಅಂತ, ಅದರಲ್ಲಿ ತಪ್ಪೇನಿಲ್ಲ. ಆದರೆ ಈ ಎಂಬಿಬಿಎಸ್ ಡಾಕ್ಟರು, ಆಪರೇಷನ್ ಥಿಯೇಟರಿನ (ಓಟಿ) ತಂತ್ರಜ್ಞ, ರಾತ್ರಿ ಪಾಳಿಯ ನರ್ಸ್ ಆ ಸಭಾಂಗಣದಲ್ಲಿ ಎಲ್ಲಿ ಕೂರಬೇಕು? ಬಳ್ಳಿ ಇಳಿದ ಆ ತಾಯಿಯ ಹತ್ತಿರ ಮೊದಲು ನಿಂತವಳು ನರ್ಸ್. ಅವಳಿಗೆ ಯಾರೂ ಆಹ್ವಾನ ಕಳಿಸುವುದಿಲ್ಲ.

ದುಡ್ಡಿನ ವಿಷಯವನ್ನು ಬೇಗ ಮುಗಿಸುತ್ತೇನೆ. ಔಷಧ ಕಂಪನಿಗಳು ವೈದ್ಯರಿಗೆ ಟಿಕೆಟ್, ಹೋಟೆಲ್ ಕೊಡಬಾರದು ಎಂದು 2024ರ ಮಾರ್ಚ್‌ನಲ್ಲಿ ಕೇಂದ್ರದ ಔಷಧ ಇಲಾಖೆ ನೀತಿ ಸಂಹಿತೆ ತಂದಿದೆ. ಭಾಷಣಕ್ಕೆ ಬರುವವರಿಗೆ ಮಾತ್ರ ವಿನಾಯಿತಿ. ಇದು ಬಹಳ ಒಳ್ಳೆಯದಾಯಿತು. ಆದರೆ ಸಭಾಂಗಣ, ಊಟ, ಧ್ವನಿವರ್ಧಕ, ಪೆಂಡಾಲಿನ ಖರ್ಚು ಎಲ್ಲಿಂದ ಬರಬೇಕು? ನೋಂದಣಿ ಶುಲ್ಕದಿಂದ, ಇಲ್ಲವೇ ಮಳಿಗೆ ಹಾಕುವ ಕಂಪನಿಗಳಿಂದ. ಸಂಘದ ಸಣ್ಣ ಶಾಖೆಯವರು ಒಂದು ವರ್ಷ ಪೂರ್ತಿ ಮಳಿಗೆ ಮಾರುತ್ತಾ ಓಡಾಡಬೇಕು. ಯಂತ್ರ ಮಾರುವವರು ಬಂದಾಗ ಯಂತ್ರದ ಪಾಠಗಳೇ ಜಾಸ್ತಿ ಆಗುತ್ತವೆ. ಹಾವು ಕಡಿತದ ಪಾಠಕ್ಕೆ ಯಾವ ಕಂಪನಿ ದುಡ್ಡು ಕೊಡುತ್ತದೆ? ಮೇಡಂ ಮುಖ್ಯ ಸಭಾಂಗಣದಲ್ಲಿ ಅರ್ಧ ದಿನ ಕೊಡಿಸುತ್ತೇನೆ ಅಂದಿದ್ದಾರೆ. ಅವರ ಕೈಯಲ್ಲಿದ್ದರೆ ಖಂಡಿತ ಕೊಡಿಸುತ್ತಾರೆ. ಅವರ ಕೈಯಲ್ಲೇ ಇರುತ್ತದಾ ಅನ್ನೋದು ನನ್ನ ಪ್ರಶ್ನೆ.

ಹಾಗಾದರೆ ಕಲಿಯುವುದು ಬೇಡವೇ? ಬೇಕು, ಬಹಳ ಬೇಕು. ಅದು ನಮ್ಮ ಓಟಿಯಲ್ಲೇ ಆಗಬೇಕು.

ಹೋದ ವರ್ಷ ನಾವು ಮೂವರು ಒಂದು ಭಾನುವಾರ ಕಾರಿನ ಡಿಕ್ಕಿಯಲ್ಲಿ ತರಬೇತಿಯ ಗೊಂಬೆ ಇಟ್ಟುಕೊಂಡು ಒಂದು ಸಣ್ಣ ಆಸ್ಪತ್ರೆಗೆ ಹೋದೆವು. ಅಲ್ಲಿಯ ಡಾಕ್ಟರು, ಇಬ್ಬರು ನರ್ಸ್, ಓಟಿ ತಂತ್ರಜ್ಞ, ಆಯಾ ಎಲ್ಲ ಸೇರಿದರು. ಗೊಂಬೆಯನ್ನು ಟೇಬಲ್ ಮೇಲೆ ಮಲಗಿಸಿ, ಈಗ ಸ್ಪೈನಲ್ ಕೊಟ್ಟಿದ್ದೀರಿ, ಬಿಪಿ ಇಳಿಯಿತು, ತಾಯಿ ಮಾತು ನಿಲ್ಲಿಸಿದಳು, ಏನು ಮಾಡ್ತೀರಿ ಅಂತ ಕೇಳಿದೆವು. ಎಲ್ಲರಿಗೂ ಉತ್ತರ ಗೊತ್ತಿತ್ತು. ಮಾಡಲು ಹೋದಾಗ, ಟ್ಯೂಬ್ ಹಾಕಲು ಗಂಟಲೊಳಗೆ ನೋಡುವ ಲ್ಯಾರಿಂಗೋಸ್ಕೋಪಿನ ಬಲ್ಬ್ ಹತ್ತಲಿಲ್ಲ. ಬಾಯಲ್ಲಿ ತುಂಬಿದ್ದನ್ನು ಹೀರುವ ಸಕ್ಷನ್ ಪೈಪು ಟೇಬಲ್ ತನಕ ಎಟುಕಲಿಲ್ಲ. ತುರ್ತಿಗೆ ಬೇಕಾದ ಅಡ್ರಿನಲಿನ್ ಔಷಧಿ ಬೀಗ ಹಾಕಿದ ಕಪಾಟಿನಲ್ಲಿತ್ತು, ಕೀ ಇಟ್ಟುಕೊಂಡವರು ಮನೆಗೆ ಹೋಗಿದ್ದರು. ಯಾರ ಮೇಲೂ ತಪ್ಪು ಹೊರಿಸಲಿಲ್ಲ. ಬಲ್ಬ್ ಬದಲಾಯಿತು, ಪೈಪು ಉದ್ದವಾಯಿತು, ಅಡ್ರಿನಲಿನ್ ಟೇಬಲ್ ಪಕ್ಕದ ಟ್ರೇಗೆ ಬಂತು. ಟ್ರೇ ಮೇಲೆ ಆಯಾ ಕೆಂಪು ಪಟ್ಟಿ ಅಂಟಿಸಿದಳು. ಮಧ್ಯಾಹ್ನದೊಳಗೆ ಇಷ್ಟು ಆಯಿತು. ದೊಡ್ಡ ಸಭಾಂಗಣದಲ್ಲಿ ಎಷ್ಟೇ ಒಳ್ಳೆಯ ಪಾಠ ಕೇಳಿದ್ದರೂ ಆ ಬಲ್ಬ್ ಹತ್ತುತ್ತಿರಲಿಲ್ಲ.

ಈಥರ್ ಗುಮ್ಮಟದ ಮಾತು ನನಗೆ ಇಷ್ಟವಾಯಿತು. ಆದರೆ ಅದೂ ಆಪರೇಷನ್ ನಡೆಯುವ ಕೋಣೆಯೇ ಅಲ್ವಾ? ಜನ ಬಂದು ಸೇರಿದ್ದು ಟೇಬಲ್ ಇದ್ದ ಕಡೆಗೆ.

ನಮ್ಮ ಕೇಸುಗಳನ್ನು ರಾಜ್ಯದ ಮುಂದೆ ಇಡಬೇಕು ಅನ್ನೋದನ್ನು ಪೂರ್ತಿ ಒಪ್ಪುತ್ತೇನೆ. ಅದಕ್ಕೆ ಮೊದಲು ಬೇಕಾದದ್ದು ದಾಖಲೆ. ಹಾವು ಕಚ್ಚಿ ಬಂದ ಹೊತ್ತು, ರೆಪ್ಪೆ ಇಳಿದ ಹೊತ್ತು, ಟ್ಯೂಬ್ ಹಾಕಿದ ಹೊತ್ತು, ಎಷ್ಟು ದೂರ ಕಳಿಸಿದೆವು ಅನ್ನೋದನ್ನು ಎಲ್ಲ ತಾಲ್ಲೂಕಿನಲ್ಲೂ ಒಂದೇ ರೀತಿ ಬರೆದಿಡೋಣ. ಎಣ್ಣೆ ಕುಡಿದವರದೂ ಹಾಗೇ. ಎರಡು ವರ್ಷ ಬರೆದರೆ ಯಾವ ಊರಿನ ಸಮ್ಮೇಳನದಲ್ಲಾದರೂ ನಮಗೆ ಹತ್ತು ನಿಮಿಷಕ್ಕಿಂತ ಜಾಸ್ತಿ ಕೊಡುತ್ತಾರೆ. ಆ ಕೆಲಸಕ್ಕೆ ಪಿಜಿಗಳು ಬರಲಿ. ತಾಲ್ಲೂಕಿನಲ್ಲಿ ಎರಡು ವಾರ ಇರಲಿ. ಮೇಡಂಗೆ ಬೇಕಾದ ಆ ಒಬ್ಬರು ಇಲ್ಲಿ ಉಳಿಯುವುದಾದರೆ ರೋಗಿಗಳನ್ನು ನೋಡಿ ಉಳಿಯುತ್ತಾರೆ ಅಂತ ನನಗನ್ನಿಸುತ್ತದೆ. ನಾನು ಉಳಿದದ್ದೂ ಹಾಗೇ.

ಮುಂದಿನ ತಿಂಗಳ ಎರಡನೆಯ ಭಾನುವಾರ ಗೊಂಬೆ ಇಟ್ಟುಕೊಂಡು ಇನ್ನೊಂದು ಆಸ್ಪತ್ರೆಗೆ ಹೊರಟಿದ್ದೇವೆ. ಅವತ್ತು ನನ್ನ ಜಾಗದಲ್ಲಿ ಬೆಳಗ್ಗೆಯಿಂದ ಸಂಜೆ ತನಕ ನಿಲ್ಲಲು ಒಬ್ಬ ಗೆಳೆಯ ಒಪ್ಪಿದ್ದಾನೆ. ಬೇರೆ ಯಾವ ಕೇಸನ್ನೂ ಇಟ್ಟುಕೊಳ್ಳುವುದಿಲ್ಲ ಅಂತ ಮಾತು ತೆಗೆದುಕೊಂಡಿದ್ದೇನೆ. ನಮ್ಮ ನರ್ಸ್ ಕೂಡ ಜೊತೆಗೆ ಬರುತ್ತಿದ್ದಾಳೆ, ಬಳ್ಳಿ ಇಳಿದಾಗ ಕೈ ಹೇಗಿಡಬೇಕು ಅಂತ ಅಲ್ಲಿಯವರಿಗೆ ಅವಳೇ ತೋರಿಸುತ್ತಾಳೆ. ಕಾರಿನಲ್ಲಿ ಇನ್ನೂ ಒಂದು ಜಾಗ ಇದೆ. ಬನ್ನಿ ಮೇಡಂ.